ಲಾಭವೇ ಇಲ್ಲದ ಕೋಟಿಗಳು: ಅಮೆರಿಕದ ಕಾಲೇಜು ಫುಟ್‌ಬಾಲಿನ ಲೆಕ್ಕಪುಸ್ತಕ

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೇಳುಗರ ಪ್ರಶ್ನೆಗಳು ಎಲ್ಲಿ ಬಂದವೋ ಅಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ವಿಷಯ ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು, ಹತ್ತು ಸೆಕೆಂಡ್ ಡಿಕ್ಕಿ, ಅರ್ಧ ನಿಮಿಷ ವಿರಾಮ. ಆ ಅಮೆರಿಕನ್ ಫುಟ್‌ಬಾಲ್. ಅದರಲ್ಲೂ ಕಾಲೇಜಿನದು. ಆಟದ ನಿಯಮ ಗೊತ್ತಿಲ್ಲದಿದ್ದರೆ ಚಿಂತೆ ಬೇಡ, ಇವತ್ತು ಅದರ ಅಗತ್ಯವೇ ಬರುವುದಿಲ್ಲ. ನಾವು ನೋಡುವುದು ಖರ್ಚು ವೆಚ್ಚದ ಪುಸ್ತಕ, ಸಂಬಳದ ಪಟ್ಟಿ ಮತ್ತು ಮಾರ್ಕ್ಸ್ ಕಾರ್ಡ್.

ಇದು ಎಷ್ಟು ದೊಡ್ಡದು ಅನ್ನುವ ಅಂದಾಜಿಗೆ ಒಂದು ಲೆಕ್ಕ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಅದು ಸರ್ಕಾರದ್ದಲ್ಲ, ಕ್ರೀಡಾ ಮಂಡಳಿಯದೂ ಅಲ್ಲ, ಕಾಲೇಜಿನ ಸ್ವಂತದ್ದು. ಅಲ್ಲಿ ಆಡುವ ಹುಡುಗರು ಸೋಮವಾರ ಬೆಳಿಗ್ಗೆ ಸಮಾಜಶಾಸ್ತ್ರದ ಕ್ಲಾಸಿನಲ್ಲಿ ಕೂತಿರಬೇಕು. ಇನ್ನೊಂದು ಸಂಗತಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಅತಿ ಹೆಚ್ಚು ಪಡೆಯುವವರು ಗವರ್ನರ್ ಅಲ್ಲ, ನ್ಯಾಯಾಧೀಶರೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್, ಇಲ್ಲವೇ ಬ್ಯಾಸ್ಕೆಟ್‌ಬಾಲ್ ಕೋಚ್.

ಇದನ್ನು ಕೇಳಿದ ಕೂಡಲೇ "ಹಾಗಾದರೆ ಕಾಲೇಜುಗಳಿಗೆ ಭಾರಿ ಲಾಭ ಇರಬೇಕು" ಅನಿಸುತ್ತದೆ, ಅಲ್ವಾ? ಇಲ್ಲ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ದೇಶದ ಅತಿ ಶ್ರೀಮಂತ ಕ್ರೀಡಾ ವಿಭಾಗಗಳಲ್ಲಿ ಅದೂ ಒಂದು. 2024ರ ಹಣಕಾಸು ವರ್ಷದಲ್ಲಿ ಅದರ ಆದಾಯ 25 ಕೋಟಿ ಡಾಲರ್ ದಾಟಿತ್ತು. ಆದರೂ ವರ್ಷದ ಕೊನೆಗೆ ಸುಮಾರು 3.8 ಕೋಟಿ ಡಾಲರ್ ಕೊರತೆ ತೋರಿಸಿತು. ಆ ವರ್ಷ ತವರಿನಲ್ಲಿ ಪಂದ್ಯ ಕಡಿಮೆ ಇದ್ದವು ಎಂಬ ಕಾರಣ ಕೊಟ್ಟರು. ಕಾರಣ ನಿಜವೇ. ಆದರೆ ಪ್ರತಿ ವರ್ಷ ಯಾವುದೋ ಒಂದು ಕಾಲೇಜು ಯಾವುದೋ ಒಂದು ಕಾರಣ ಕೊಡುತ್ತಲೇ ಇರುತ್ತದೆ.

ನನ್ನ ಮಾತಿನ ತಿರುಳು ಇಷ್ಟೇ. ವಿಶ್ವವಿದ್ಯಾಲಯಕ್ಕೆ ಮಾಲೀಕರಿಲ್ಲ, ಷೇರುದಾರರಿಲ್ಲ. ಉಳಿದ ದುಡ್ಡನ್ನು ಮನೆಗೆ ಒಯ್ಯುವವರೇ ಇಲ್ಲ. ಮೊನ್ನೆ ಮೊನ್ನೆಯವರೆಗೂ ಆಡುವ ಹುಡುಗರಿಗೆ ಸಂಬಳ ಕೊಡುವ ಹಾಗಿರಲಿಲ್ಲ. ಆದರೆ ಟಿವಿಯಿಂದ, ಟಿಕೆಟ್ಟಿನಿಂದ, ದಾನಿಗಳಿಂದ ದುಡ್ಡು ಬರುತ್ತಲೇ ಇದೆ. ಆ ದುಡ್ಡು ಎಲ್ಲಾದರೂ ಖರ್ಚಾಗಲೇಬೇಕು. ಎಲ್ಲಿ ಖರ್ಚಾಯಿತು ಅಂತ ನೋಡಿದರೆ ಈ ವ್ಯವಸ್ಥೆಯ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಇತಿಹಾಸವನ್ನು ಬೇಗ ದಾಟಿಬಿಡೋಣ. ಮೊದಲ ಕಾಲೇಜು ಪಂದ್ಯ ನಡೆದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. 1905ರ ಹೊತ್ತಿಗೆ ಆಟ ಎಷ್ಟು ಒರಟಾಗಿತ್ತೆಂದರೆ ಮೈದಾನದಲ್ಲಿ ಹುಡುಗರು ಸಾಯುತ್ತಿದ್ದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮರುವರ್ಷ ಹುಟ್ಟಿದ ಸಂಘವೇ ಮುಂದೆ ಎನ್‌ಸಿಎಎ ಆಯಿತು. ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ ಅದು. ಆಟಗಾರ ವಿದ್ಯಾರ್ಥಿ, ಅವನಿಗೆ ಕೂಲಿ ಇಲ್ಲ, ಇದು ಅದರ ಮೂಲ ಕಟ್ಟಳೆ. 1950ರ ದಶಕದಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಒಪ್ಪಿಗೆ ಸಿಕ್ಕಿತು. ಅಂದರೆ ಫೀಸು, ಊಟ, ಹಾಸ್ಟೆಲ್ಲು, ಪುಸ್ತಕ. ಅದೇ ಹೊತ್ತಿಗೆ ಕೊಲರಾಡೊದಲ್ಲಿ ರೇ ಡೆನಿಸನ್ ಎಂಬ ಆಟಗಾರ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕೆಲಸದಲ್ಲಿ ಸತ್ತವರಿಗೆ ಕೊಡುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಅವನು ನೌಕರನೂ ಅಲ್ಲ ಎಂಬುದು ಕೋರ್ಟಿನ ವಾದ.

ವ್ಯಾಪಾರ ನಿಜವಾಗಿ ಜೋರಾದದ್ದು 1984ರಲ್ಲಿ. ಅಲ್ಲಿಯವರೆಗೆ ಯಾವ ಕಾಲೇಜಿನ ಪಂದ್ಯ ಎಷ್ಟು ಸಲ ಟಿವಿಯಲ್ಲಿ ಬರಬೇಕು ಅಂತ ಎನ್‌ಸಿಎಎ ತೀರ್ಮಾನಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಅಮೆರಿಕದ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಆ ಹಿಡಿತವನ್ನು ಬಿಡಿಸಿತು. ತೀರ್ಪನ್ನು ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ತಾವೇ ಒಂದು ಕಾಲದಲ್ಲಿ ಕೊಲರಾಡೊದ ಹೆಸರಾಂತ ಕಾಲೇಜು ಆಟಗಾರ! ಅದಾದ ಮೇಲೆ ಕಾಲೇಜುಗಳ ಗುಂಪುಗಳು, ಅಂದರೆ ಕಾನ್ಫರೆನ್ಸ್‌ಗಳು, ತಮ್ಮ ಟಿವಿ ಹಕ್ಕನ್ನು ತಾವೇ ಮಾರತೊಡಗಿದವು. ಬಿಗ್ ಟೆನ್ ಎಂಬ ಗುಂಪು 2023ರಿಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿತು. ಹೆಸರಿಗೆ ಟೆನ್. 2024ರಿಂದ ಅದರಲ್ಲಿರುವುದು ಹದಿನೆಂಟು ವಿಶ್ವವಿದ್ಯಾಲಯ. ಪೂರ್ವ ಕರಾವಳಿಯ ನ್ಯೂಜೆರ್ಸಿಯಿಂದ ಪಶ್ಚಿಮ ಕರಾವಳಿಯ ಲಾಸ್ ಏಂಜಲೀಸ್‌ವರೆಗೆ. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ, ಹೇಗೋ ನಡೆಯುತ್ತದೆ. ಅದೇ ಗುಂಪಿನ ವಾಲಿಬಾಲ್ ಹುಡುಗಿಯರೂ ದೇಶದ ಉದ್ದಗಲ ಹಾರಾಡಿ, ಮರುದಿನ ಕೆಮಿಸ್ಟ್ರಿ ಲ್ಯಾಬಿಗೆ ಬರಬೇಕು.

ಸರಿ, ದುಡ್ಡು ಬಂತು. ಹೋದದ್ದೆಲ್ಲಿಗೆ? ಮೊದಲು ಕೋಚ್‌ಗಳ ಹತ್ತಿರ.

ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2017ರಲ್ಲಿ ಜಿಂಬೊ ಫಿಶರ್ ಎಂಬ ಕೋಚ್‌ಗೆ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. 2021ರಲ್ಲಿ ಅದನ್ನು ಇನ್ನೂ ಬೆಳೆಸಿತು. 2023ರ ನವೆಂಬರ್‌ನಲ್ಲಿ ಕೆಲಸದಿಂದ ತೆಗೆಯಿತು. ಒಪ್ಪಂದ ಮುರಿದದ್ದಕ್ಕೆ ಕೊಡಬೇಕಾದ ಮೊತ್ತ ಸುಮಾರು 7.6 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಮೇಲೆ. ಕೆಲಸ ಮಾಡಿದ್ದಕ್ಕಲ್ಲ ಸ್ವಾಮಿ, ಮಾಡದೆ ಇರುವುದಕ್ಕೆ.

ಒಬ್ಬರು ಕೇಳುತ್ತಿದ್ದಾರೆ, "ಅಷ್ಟು ದೊಡ್ಡ ಒಪ್ಪಂದಕ್ಕೆ ಸಹಿ ಹಾಕುವವರಿಗೆ ಬುದ್ಧಿ ಇಲ್ಲವಾ?" ಅಂತ. ಬುದ್ಧಿ ಇದೆ. ಸಹಿ ಹಾಕುವವರ ಜೇಬಿನ ದುಡ್ಡಲ್ಲ, ಅಷ್ಟೇ. ಒಳ್ಳೆ ಕೋಚ್ ಪಕ್ಕದ ಊರಿಗೆ ಹೋದರೆ ದಾನಿಗಳು ಇವರನ್ನು ಸುಮ್ನೆ ಬಿಡುವುದಿಲ್ಲ. ಸೋತರೆ ಅದೇ ದಾನಿಗಳು ಚೆಕ್ ಬರೆದು "ಇವನನ್ನು ಕಳಿಸಿ" ಅನ್ನುತ್ತಾರೆ. ಈ ದಾನಕ್ಕೆ ಸರ್ಕಾರವೂ ವರ್ಷಗಟ್ಟಲೆ ಕೈಜೋಡಿಸಿತ್ತು. ಒಳ್ಳೆ ಜಾಗದ ಸೀಸನ್ ಟಿಕೆಟ್ ಬೇಕೆಂದರೆ ಮೊದಲು ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಡಬೇಕು. ಆ ದೇಣಿಗೆಯ ಶೇ. 80 ಭಾಗಕ್ಕೆ ತೆರಿಗೆ ವಿನಾಯಿತಿ ಸಿಗುತ್ತಿತ್ತು. 2017ರ ತೆರಿಗೆ ಕಾನೂನು ಬಂದ ಮೇಲೆ ಅದು ನಿಂತಿತು. ಅಲ್ಲಿಯವರೆಗೆ ಫುಟ್‌ಬಾಲ್ ಎಂದರೇನೆಂದು ಗೊತ್ತಿಲ್ಲದ ತೆರಿಗೆದಾರನೂ ಆ ಸೀಟಿಗೆ ಸ್ವಲ್ಪ ದುಡ್ಡು ಕಟ್ಟಿದ ಹಾಗೇ ಆಯಿತಲ್ಲ!

ಕೋಚ್ ಒಬ್ಬರೇ ಬರುವುದಿಲ್ಲ, ಒಂದು ದಂಡೇ ಬರುತ್ತದೆ. ಮೈದಾನದಲ್ಲಿ ಹುಡುಗರಿಗೆ ಕಲಿಸುವ ಸಹಾಯಕ ಕೋಚ್‌ಗಳು ಹತ್ತೇ ಜನ ಇರಬೇಕು ಎಂಬ ಮಿತಿ 2018ರಿಂದ ಇತ್ತು. ಮಿತಿ ಇದ್ದದ್ದು 'ಕಲಿಸುವುದಕ್ಕೆ' ಮಾತ್ರ. ಆದ್ದರಿಂದ ಕಾಲೇಜುಗಳು 'ಅನಲಿಸ್ಟ್' ಅಂತ ಹೊಸ ಹುದ್ದೆ ಹುಟ್ಟಿಸಿದವು. ಅವರು ವಿಡಿಯೊ ನೋಡಬಹುದು, ಎದುರಾಳಿಯ ತಂತ್ರ ಬಿಡಿಸಬಹುದು, ಮೈದಾನದಲ್ಲಿ ಹುಡುಗನಿಗೆ ಹೇಳಿಕೊಡುವ ಹಾಗಿಲ್ಲ. ಜೊತೆಗೆ ವ್ಯಾಯಾಮದವರು, ಆಹಾರ ತಜ್ಞರು, ಗಾಯ ನೋಡುವವರು, ಹೈಸ್ಕೂಲಿನಿಂದ ಆಟಗಾರರನ್ನು ಹುಡುಕುವವರು, ಫೋಟೊ, ವಿಡಿಯೊ ಮಾಡುವವರು. 2024ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಇಷ್ಟು ದಿನ ದೂರ ನಿಂತು ನೋಡುತ್ತಿದ್ದವರೂ ಈಗ ಸೀಟಿ ಹಿಡಿದು ಒಳಗೆ ಬರಬಹುದು.

ಈ ಅನಲಿಸ್ಟ್ ಹುದ್ದೆಯ ಒಂದು ಕಥೆ ನನಗೆ ಬಹಳ ಇಷ್ಟ. ಬುಚ್ ಜೋನ್ಸ್ ಎಂಬುವರು ಟೆನಸಿ ವಿಶ್ವವಿದ್ಯಾಲಯದ ಮುಖ್ಯ ಕೋಚ್. 2017ರಲ್ಲಿ ಕೆಲಸ ಹೋಯಿತು. ಬಾಕಿ ಒಪ್ಪಂದಕ್ಕಾಗಿ ಸುಮಾರು 83 ಲಕ್ಷ ಡಾಲರ್ ಕಂತಿನಲ್ಲಿ ಬರುವುದಿತ್ತು. ಬೇರೆ ಕಡೆ ಸಂಪಾದನೆ ಮಾಡಿದರೆ ಅಷ್ಟನ್ನು ಈ ಮೊತ್ತದಿಂದ ಕಳೆಯುತ್ತಾರೆ. ಅವರು ಏನು ಮಾಡಿದರು ಗೊತ್ತಾ? ಟೆನಸಿಯ ಹಳೆಯ ವೈರಿ ಅಲಬಾಮಾದಲ್ಲಿ ಅನಲಿಸ್ಟ್ ಆಗಿ ಸೇರಿದರು. ವರ್ಷಕ್ಕೆ 35,000 ಡಾಲರ್ ಸಂಬಳ. ಆ ಕಾಲದಲ್ಲಿ ಅಲಬಾಮಾದ ಕೋಚ್ ನಿಕ್ ಸೇಬನ್. ಹೀಗೆ ಕೆಲಸ ಕಳೆದುಕೊಂಡ ದೊಡ್ಡ ಕೋಚ್‌ಗಳನ್ನು ಅಗ್ಗಕ್ಕೆ ಇಟ್ಟುಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಅಂದರೆ ಟೆನಸಿ ತನ್ನ ಎದುರಾಳಿಯ ಸಿಬ್ಬಂದಿಗೆ ತಾನೇ ಸಂಬಳ ಕೊಡುತ್ತಿತ್ತು!

ಇದು ದೊಡ್ಡವರ ಕಥೆ. ಸಣ್ಣವರದು ಬೇರೆಯೇ. ಟಿವಿ ದುಡ್ಡು ಅವರತ್ತ ಸುಳಿಯುವುದಿಲ್ಲ. ಒಂದು ದಾರಿ ಎಂದರೆ ದೊಡ್ಡವರ ಊರಿಗೆ ಹೋಗಿ ಸೋತು ಬರುವುದು. ನಿಜವಾಗಿಯೂ ಅದಕ್ಕೆ ದುಡ್ಡು ಕೊಡುತ್ತಾರೆ. ದೊಡ್ಡ ತಂಡಕ್ಕೆ ತವರಿನಲ್ಲಿ ಒಂದು ಸುಲಭದ ಗೆಲುವು, ಟಿಕೆಟ್ ಮಾರಾಟ. ಸಣ್ಣ ತಂಡಕ್ಕೆ ಒಂದು ಚೆಕ್ಕು. 2007ರಲ್ಲಿ ಆ್ಯಪಲಾಚಿಯನ್ ಸ್ಟೇಟ್ ತಂಡ 4 ಲಕ್ಷ ಡಾಲರ್ ಪಡೆದು ಮಿಷಿಗನ್‌ಗೆ ಹೋಯಿತು, ಆ ಲಕ್ಷ ಜನದ ಸ್ಟೇಡಿಯಂನಲ್ಲೇ 34-32ರಿಂದ ಗೆದ್ದೂ ಬಂತು. ಚೆಕ್ ವಾಪಸ್ ಕೇಳುವ ಹಾಗಿಲ್ಲ ನೋಡಿ. ಇನ್ನೊಂದು ದಾರಿ, ವಿದ್ಯಾರ್ಥಿಗಳ ಫೀಸು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಇಲ್ಲಿ ಕೂತಿರುವವರಲ್ಲಿ ಕೆಲವರ ಮಕ್ಕಳು ಆ ಫೀಸು ಕಟ್ಟುತ್ತಿದ್ದಾರೆ.

ಸಣ್ಣವರ ಲೆಕ್ಕ ನೋಡಬೇಕೆಂದರೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. ಇಂಗ್ಲೆಂಡಿನದಲ್ಲ, ಅಲಬಾಮಾ ರಾಜ್ಯದ್ದು. ಅಲ್ಲಿನ ವಿಶ್ವವಿದ್ಯಾಲಯವನ್ನು ಎಲ್ಲರೂ ಯುಎಬಿ ಅನ್ನುತ್ತಾರೆ. ಅದರ ಹೆಸರು ವೈದ್ಯಕೀಯಕ್ಕೆ, ಆಸ್ಪತ್ರೆಗೆ. ಫುಟ್‌ಬಾಲ್ ಅಲ್ಲಿ ಪಕ್ಕದ ಕೋಣೆಯ ವಿಷಯ. 2014ರ ತಂಡ ಆರು ಪಂದ್ಯ ಗೆದ್ದು ಆರು ಸೋತಿತ್ತು. ಆ ಮಟ್ಟಿಗೆ ಅದು ಹಲವು ವರ್ಷಗಳಲ್ಲೇ ಒಳ್ಳೆಯ ಸಾಧನೆ. ಹೀಗಿರುವಾಗ 2014ರ ಡಿಸೆಂಬರ್ 2ರಂದು ಅಧ್ಯಕ್ಷ ರೇ ವಾಟ್ಸ್ ಹುಡುಗರನ್ನು ಸೇರಿಸಿ ತಂಡವನ್ನೇ ಮುಚ್ಚುತ್ತಿದ್ದೇವೆ ಎಂದರು. ಜೊತೆಗೆ ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ಮತ್ತು ರೈಫಲ್ ತಂಡಗಳೂ ಹೋದವು. ಸಲಹಾ ಸಂಸ್ಥೆಯೊಂದರಿಂದ ವರದಿ ತರಿಸಿದ್ದರು. ಮುಂದಿನ ಐದು ವರ್ಷದಲ್ಲಿ ಇನ್ನೂ 4.9 ಕೋಟಿ ಡಾಲರ್ ಸುರಿಯಬೇಕಾಗುತ್ತದೆ, ಅಷ್ಟು ನಮ್ಮ ಹತ್ತಿರ ಇಲ್ಲ, ಇದು ಅವರ ವಾದ.

ಊರು ಸಿಡಿದೆದ್ದಿತು. ಅದು ನಿರೀಕ್ಷಿತವೇ. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲೆ ಬಂದ ಇನ್ನೊಂದು ವರದಿ. ಬೇರೆ ಅರ್ಥಶಾಸ್ತ್ರಜ್ಞರು ಅದೇ ಪುಸ್ತಕ ತೆಗೆದು ಕೂತರು. ಫುಟ್‌ಬಾಲ್ ನಷ್ಟದಲ್ಲಿ ಇಲ್ಲವೇ ಇಲ್ಲ, ಸರಿಯಾಗಿ ಲೆಕ್ಕ ಹಾಕಿದರೆ ಸಮಸಮ ಅಥವಾ ಸ್ವಲ್ಪ ಮಿಗುತ್ತದೆ ಎಂದರು. ಅದೇ ಅಂಕಿ ಅಂಶ, ಎರಡು ಉತ್ತರ. ಹೇಗೆ?

ಗುಟ್ಟು ಇರುವುದು ವಿದ್ಯಾರ್ಥಿವೇತನದಲ್ಲಿ. ಆಗಿನ ನಿಯಮದ ಪ್ರಕಾರ ಒಂದು ಫುಟ್‌ಬಾಲ್ ತಂಡ 85 ಹುಡುಗರಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದಿತ್ತು. ಸುಮ್ನೆ ಒಂದು ಉದಾಹರಣೆಗೆ, ಒಬ್ಬನ ಖರ್ಚು 40,000 ಡಾಲರ್ ಅಂದುಕೊಳ್ಳಿ. 85 ಜನಕ್ಕೆ 34 ಲಕ್ಷ ಡಾಲರ್. ಕ್ರೀಡಾ ವಿಭಾಗದ ಪುಸ್ತಕದಲ್ಲಿ ಇದು ಖರ್ಚು. ಆದರೆ ಅದನ್ನು ಪಡೆಯುವವರು ಯಾರು? ಅದೇ ವಿಶ್ವವಿದ್ಯಾಲಯದ ಫೀಸು ಕೌಂಟರ್! ಹೋಟೆಲ್ ಮಾಲೀಕರ ಮಗ ತಮ್ಮದೇ ಹೋಟೆಲಿನಲ್ಲಿ ದಿನಾ ದೋಸೆ ತಿಂದ, ಅಪ್ಪ ಮೆನು ಕಾರ್ಡಿನ ರೇಟು ಹಾಕಿ ವರ್ಷದ ಕೊನೆಗೆ "ನಿನ್ನಿಂದ ನನಗೆ ಇಷ್ಟು ಸಾವಿರ ನಷ್ಟ" ಅಂದ ಹಾಗೆ. ನಷ್ಟ ಆಗಿದ್ದು ಹಿಟ್ಟಿನದು, ಚಟ್ನಿಯದು. ಮೆನು ಕಾರ್ಡಿನ ರೇಟಲ್ಲ. ಹೌದು, ಹೋಟೆಲ್ ತುಂಬಿ ಗಿರಾಕಿಗಳು ವಾಪಸ್ ಹೋಗುತ್ತಿದ್ದರೆ ಆ ಕುರ್ಚಿಗೆ ಪೂರ್ತಿ ಬೆಲೆ ಇದೆ. ಕ್ಲಾಸಿನಲ್ಲಿ ಖಾಲಿ ಬೆಂಚಿದ್ದರೆ ಇನ್ನೊಬ್ಬ ಹುಡುಗ ಕೂತ ಮಾತ್ರಕ್ಕೆ ಕಾಲೇಜಿಗೆ 40,000 ಡಾಲರ್ ಖರ್ಚಾಗುವುದಿಲ್ಲ. ಇನ್ನೂ ಹೆಚ್ಚು ವಿದ್ಯಾರ್ಥಿಗಳು ಬರಲಿ ಎಂದು ಬಯಸುವ ಕಾಲೇಜಿಗೆ ಮೊದಲ ವರದಿಯ 'ನಷ್ಟ'ದಲ್ಲಿ ಒಂದು ದೊಡ್ಡ ಪಾಲು ಬರೀ ಕಾಗದದ ನಷ್ಟ.

ಹಾಗಂತ ಎರಡನೇ ವರದಿಯವರನ್ನೂ ಪೂರ್ತಿ ನಂಬಿಬಿಡಬೇಡಿ. ಈ ಜಾಣತನ ಎರಡೂ ಕಡೆ ನಡೆಯುತ್ತದೆ. ಸ್ಟೇಡಿಯಂನ ಸಾಲದ ಕಂತು, ಪಂದ್ಯದ ದಿನದ ಪೊಲೀಸರು, ಕರೆಂಟು, ನೀರು, ಇದರಲ್ಲಿ ಎಷ್ಟು ಕ್ರೀಡಾ ವಿಭಾಗದ ಪುಸ್ತಕಕ್ಕೆ ಬರುತ್ತದೆ, ಎಷ್ಟು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಮರೆಯಾಗುತ್ತದೆ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಟಿ-ಷರ್ಟ್ ಮಾರಾಟದ ದುಡ್ಡು ಒಂದು ಕಡೆ ಕ್ರೀಡೆಗೆ ಸೇರುತ್ತದೆ, ಇನ್ನೊಂದು ಕಡೆ ಗ್ರಂಥಾಲಯಕ್ಕೆ ಹೋಗುತ್ತದೆ. ಎರಡು ಕಾಲೇಜುಗಳ ಲಾಭ ನಷ್ಟವನ್ನು ಪಕ್ಕಪಕ್ಕ ಇಟ್ಟು ಪಟ್ಟಿ ಮಾಡುವವರನ್ನು ಕಂಡರೆ ನನಗೆ ಅದಕ್ಕೇ ಸ್ವಲ್ಪ ಅನುಮಾನ.

ಯುಎಬಿ ಮುಂದೇನಾಯಿತು ಅಂತ ಹೇಳಬೇಕಲ್ಲ. 2015ರ ಜೂನ್‌ನಲ್ಲಿ ಅದೇ ರೇ ವಾಟ್ಸ್ ತಂಡ ವಾಪಸ್ ಬರುತ್ತದೆ ಎಂದರು. ಊರಿನ ವ್ಯಾಪಾರಿಗಳು, ಹಳೆ ವಿದ್ಯಾರ್ಥಿಗಳು ಕೋಟಿ ಲೆಕ್ಕದಲ್ಲಿ ಡಾಲರ್ ಕೂಡಿಸಿದ್ದರು. ವಿಶ್ವವಿದ್ಯಾಲಯ ಈಗ ಕೊಡುತ್ತಿರುವುದಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂಬ ಷರತ್ತಿತ್ತು. ಹುಡುಗರು ಅಷ್ಟರಲ್ಲಿ ದಿಕ್ಕಾಪಾಲಾಗಿ ಬೇರೆ ಬೇರೆ ಕಾಲೇಜು ಸೇರಿದ್ದರು. ಕೋಚ್ ಬಿಲ್ ಕ್ಲಾರ್ಕ್ ಮಾತ್ರ ಅಲ್ಲೇ ಉಳಿದರು. 2017ರಲ್ಲಿ ಮತ್ತೆ ಮೈದಾನಕ್ಕಿಳಿದಾಗ ಮೊದಲ ಪಂದ್ಯಕ್ಕೆ 45 ಸಾವಿರಕ್ಕೂ ಹೆಚ್ಚು ಜನ. 2018ರಲ್ಲಿ ತಮ್ಮ ಕಾನ್ಫರೆನ್ಸ್ ಚಾಂಪಿಯನ್‌ಗಳಾದರು. ಮುಚ್ಚಿದ್ದರಿಂದಲೇ ದುಡ್ಡು ಬಂತು ಎನ್ನುವುದು ಇದರ ತಮಾಷೆ. ಇದ್ದಾಗ ಯಾರೂ ಕೈ ಬಿಚ್ಚಿರಲಿಲ್ಲ.

ಈಗ ಓದಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಿಯಮ ಇಲ್ಲವೆಂದಲ್ಲ, ಬೇಕಾದಷ್ಟಿವೆ. ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಅಂಕ ಇರಬೇಕು. ಎರಡನೇ ವರ್ಷದ ಕೊನೆಗೆ ಪದವಿಯ ಶೇ. 40, ಮೂರನೆಯದರ ಕೊನೆಗೆ ಶೇ. 60, ನಾಲ್ಕನೆಯದರ ಕೊನೆಗೆ ಶೇ. 80 ಮುಗಿದಿರಬೇಕು. ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಆಟಕ್ಕೆ ಎಳೆಯಬಾರದು. ಕೇಳಲು ಚೆನ್ನಾಗಿದೆ. ಆದರೆ ಶೇ. 40 ನಿಯಮದಿಂದ ಏನಾಗುತ್ತದೆ ನೋಡಿ. ಎರಡನೇ ವರ್ಷದಲ್ಲಿ ಒಬ್ಬ ಹುಡುಗ "ನನಗೆ ಇದು ಬೇಡ, ಎಂಜಿನಿಯರಿಂಗ್ ಮಾಡುತ್ತೇನೆ" ಅಂದರೆ ಹಿಂದೆ ಓದಿದ ಪಾಠಗಳು ಹೊಸ ಪದವಿಗೆ ಲೆಕ್ಕಕ್ಕೆ ಬರುವುದಿಲ್ಲ. ಶೇಕಡಾವಾರು ಬಿದ್ದುಹೋಗುತ್ತದೆ, ಆಡುವ ಅರ್ಹತೆಯೂ ಹೋಗುತ್ತದೆ. ಆದ್ದರಿಂದ ಸುರಕ್ಷಿತ ದಾರಿ ಎಂದರೆ ಎಲ್ಲರೂ ಹೋಗುವ ಒಂದೇ ಸುಲಭದ ಕೋರ್ಸಿಗೆ ಸೇರುವುದು. ಹಲವು ತಂಡಗಳಲ್ಲಿ ಅರ್ಧ ಹುಡುಗರು ಒಂದೇ ವಿಷಯ ಓದುತ್ತಿರುವುದಕ್ಕೆ ಇದೂ ಒಂದು ಕಾರಣ. ಓದು ಉಳಿಯಲಿ ಅಂತ ಮಾಡಿದ ನಿಯಮವೇ ಓದಿನ ಆಯ್ಕೆಯನ್ನು ಕಿತ್ತುಕೊಂಡಿತು.

ಇಪ್ಪತ್ತು ಗಂಟೆಯ ಕಥೆ ಹೊರಬಿದ್ದದ್ದು 2014ರಲ್ಲಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಕಾರ್ಮಿಕ ಸಂಘ ಕಟ್ಟಲು ಹೊರಟರು. ಮುಂದಾಳು ಕೇನ್ ಕೋಲ್ಟರ್, ತಂಡದ ಕ್ವಾರ್ಟರ್‌ಬ್ಯಾಕ್. ಅವನಿಗೆ ಡಾಕ್ಟರ್ ಆಗುವ ಆಸೆ ಇತ್ತು. ಬೇಕಾದ ಕೆಮಿಸ್ಟ್ರಿ ಕ್ಲಾಸು ಬೆಳಗಿನ ಅಭ್ಯಾಸದ ಹೊತ್ತಿಗೇ ಬರುತ್ತಿತ್ತು. ಹಿಂದೆ ಬಿದ್ದ, ಕೊನೆಗೆ ಸೈಕಾಲಜಿಗೆ ಬದಲಾಯಿಸಿಕೊಂಡ. ವಿಚಾರಣೆ ನಡೆಸಿದ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ, ಪಂದ್ಯಗಳ ಕಾಲದಲ್ಲಿ ಹುಡುಗರು ವಾರಕ್ಕೆ 40ರಿಂದ 50 ಗಂಟೆ ಫುಟ್‌ಬಾಲ್‌ಗೆ ಕೊಡುತ್ತಾರೆ, ಇವರು ನೌಕರರೇ ಎಂದು ಬರೆದರು. 2015ರಲ್ಲಿ ಮೇಲಿನ ಮಂಡಳಿ ಈ ವಿಷಯಕ್ಕೆ ತಾನು ಕೈಹಾಕುವುದಿಲ್ಲ ಅಂದಿತು. ಸಂಘ ಅಲ್ಲಿಗೇ ನಿಂತಿತು. ನಾರ್ತ್‌ವೆಸ್ಟರ್ನ್ ಓದಿಗೆ ಹೆಸರಾದ ಜಾಗ ಅನ್ನುವುದನ್ನು ಮರೆಯಬೇಡಿ. ಅಲ್ಲೇ ಹೀಗೆ.

ಇನ್ನು ಚಾಪೆಲ್ ಹಿಲ್. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ, ಅಮೆರಿಕದ ಅತಿ ಹಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದು. ಅಲ್ಲಿ ಹದಿನೆಂಟು ವರ್ಷ, 1993ರಿಂದ 2011ರವರೆಗೆ, ನಡೆಯದ ಕ್ಲಾಸುಗಳು ನಡೆದವು. ಮೇಷ್ಟ್ರಿಲ್ಲ, ಪಾಠವಿಲ್ಲ, ಹಾಜರಿಯಿಲ್ಲ. ಕೊನೆಯಲ್ಲಿ ಒಂದು ಪ್ರಬಂಧ ಕೊಟ್ಟರೆ ಸಾಕು. ಮಾರ್ಕ್ಸ್ ಹಾಕುತ್ತಿದ್ದವರು ವಿಭಾಗದ ಕಚೇರಿಯ ಸಿಬ್ಬಂದಿ. ಅವರು ಪಾಠ ಮಾಡುವವರೇ ಅಲ್ಲ. ಪ್ರಬಂಧವನ್ನು ಸರಿಯಾಗಿ ಓದದೆ ಎ ಅಥವಾ ಬಿ ಹಾಕುತ್ತಿದ್ದರು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇದರ ಲಾಭ ಪಡೆದರು, ಅರ್ಧಕ್ಕೆ ಹತ್ತಿರ ಜನ ಕ್ರೀಡಾಪಟುಗಳು. 2014ರಲ್ಲಿ ತನಿಖಾ ವರದಿ ಹೊರಬಂತು.

ಅದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಸ್ಲೈಡು. ಆ ಸಿಬ್ಬಂದಿ 2009ರಲ್ಲಿ ನಿವೃತ್ತರಾದರು. ಕ್ಲಾಸುಗಳು ಕಡಿಮೆಯಾಗತೊಡಗಿದವು. ಆಟಗಾರರ ಓದು ನೋಡಿಕೊಳ್ಳುವ ಸಲಹೆಗಾರರು ಫುಟ್‌ಬಾಲ್ ಕೋಚ್‌ಗಳ ಸಭೆ ಕರೆದು ಇದನ್ನು ವಿವರಿಸಿದರು. ನಾವು ಹುಡುಗರನ್ನು ಇಂಥ ಕ್ಲಾಸಿಗೆ ಹಾಕುತ್ತಿದ್ದೆವು, ಅಲ್ಲಿ ಅವರು ಕ್ಲಾಸಿಗೆ ಹೋಗಬೇಕಿರಲಿಲ್ಲ, ನೋಟ್ಸ್ ಬರೆಯಬೇಕಿರಲಿಲ್ಲ, ಎಚ್ಚರವಾಗಿ ಇರಬೇಕಾಗಿಯೂ ಇರಲಿಲ್ಲ, ಇನ್ನು ಅಂಥವು ಇಲ್ಲ, ಎಂಬರ್ಥದ ಸಾಲುಗಳು ಸ್ಲೈಡಿನಲ್ಲೇ ಇದ್ದವು. ಆ ಸೆಮಿಸ್ಟರ್‌ನಲ್ಲಿ ಫುಟ್‌ಬಾಲ್ ತಂಡದ ಸರಾಸರಿ 2.121ಕ್ಕೆ ಇಳಿಯಿತು, ಹತ್ತು ವರ್ಷದಲ್ಲೇ ಕಡಿಮೆ. ಕದ್ದುಮುಚ್ಚಿ ಮಾಡುವವರು ಸ್ಲೈಡ್ ಮಾಡಿ ತೋರಿಸುವುದಿಲ್ಲ. ಇವರಿಗೆ ಅದೊಂದು ಮಾಮೂಲಿ ಆಡಳಿತದ ತೊಂದರೆಯಾಗಿ ಕಂಡಿತ್ತು.

ಶಿಕ್ಷೆ? ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಒಂದು ವರ್ಷ ನಿಗಾದಲ್ಲಿಟ್ಟಿತು. ಎನ್‌ಸಿಎಎ 2017ರಲ್ಲಿ ಕ್ರಮ ಕೈಗೊಳ್ಳಲು ಆಗುವುದಿಲ್ಲ ಎಂದಿತು. ಆ ಕ್ಲಾಸುಗಳು ಆಟಗಾರರಿಗೆ ಮಾತ್ರ ಅಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು ಎಂಬ ಕಾರಣಕ್ಕೆ. ಎಲ್ಲರಿಗೂ ಸಮನಾಗಿ ಮೋಸ ಮಾಡಿದರೆ ಕ್ರೀಡಾ ನಿಯಮ ಮುರಿದ ಹಾಗಲ್ಲ! ಕಾನೂನಿನ ಪ್ರಕಾರ ಸರಿಯಿರಬಹುದು. ನನಗೆ ಇಂದಿಗೂ ಜೀರ್ಣವಾಗಿಲ್ಲ.

ಇಲ್ಲಿ ಒಬ್ಬರು ಕೈ ಎತ್ತಿದ್ದಾರೆ. "ಚೆನ್ನಾಗಿ ಓದಿದವರು ಯಾರೂ ಇಲ್ಲವೇ?" ಇದ್ದಾರೆ, ಬೇಕಾದಷ್ಟು. ಫ್ಲಾರಿಡಾ ಸ್ಟೇಟ್‌ನ ಮೈರನ್ ರೋಲ್ 2008ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಹೋಗಿ ಪಂದ್ಯದ ಮೊದಲ ಭಾಗವನ್ನೇ ತಪ್ಪಿಸಿಕೊಂಡ. ಆಕ್ಸ್‌ಫರ್ಡ್‌ಗೆ ಹೋದ, ಈಗ ಮೆದುಳಿನ ಸರ್ಜನ್. ಓಹಾಯೊ ಸ್ಟೇಟ್‌ನ ಕಾರ್ಡೇಲ್ ಜೋನ್ಸ್ ಅಂತೂ 2012ರಲ್ಲಿ, ನಾವು ಬಂದದ್ದು ಫುಟ್‌ಬಾಲ್ ಆಡಲು, ಕ್ಲಾಸಿಗೆ ಯಾಕೆ ಹೋಗಬೇಕು ಅಂತ ಟ್ವೀಟ್ ಮಾಡಿ ದೇಶದ ತುಂಬ ನಗೆಪಾಟಲಾದ. 2017ರಲ್ಲಿ ಅದೇ ಹುಡುಗ ಪದವಿ ಮುಗಿಸಿದ. ನನ್ನ ದೂರು ಹುಡುಗರ ಮೇಲಲ್ಲ.

ಈಗಿನ ದೊಡ್ಡ ಬದಲಾವಣೆಗೆ ಬರೋಣ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 9-0 ತೀರ್ಪು ಕೊಟ್ಟಿತು. ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಎಂದು. ಅದರ ಫಲವಾಗಿ ಚೆನ್ನಾಗಿ ಓದಿದ ಆಟಗಾರನಿಗೆ ವರ್ಷಕ್ಕೆ 5,980 ಡಾಲರ್‌ವರೆಗೆ ನಗದು ಕೊಡಬಹುದಾಯಿತು. ಮರುತಿಂಗಳೇ ಇನ್ನೊಂದು ಬಾಗಿಲು ತೆರೆಯಿತು. ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. ಜಾಹೀರಾತು ಹೆಸರಿಗೆ ಮಾತ್ರ. ದಾನಿಗಳೇ ಒಟ್ಟು ಸೇರಿ, ನಮ್ಮ ಕಾಲೇಜಿಗೆ ಬಾ ಅಂತ ದುಡ್ಡು ಕೊಡತೊಡಗಿದರು. ಕಾಲೇಜು ಬದಲಾಯಿಸಿದರೆ ಒಂದು ವರ್ಷ ಹೊರಗೆ ಕೂರಬೇಕು ಎಂಬ ಹಳೆಯ ನಿಯಮವೂ ಅದೇ ಹೊತ್ತಿಗೆ ಹೋಯಿತು. ಈಗ ಮೂರು ನಾಲ್ಕು ಕಾಲೇಜು ಸುತ್ತಿದ ಹುಡುಗರಿದ್ದಾರೆ. ಪ್ರತಿ ಸಲವೂ ಹಿಂದಿನ ಕಾಲೇಜಿನ ಕೆಲವು ಪಾಠಗಳು ಹೊಸ ಕಾಲೇಜಿನ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕೇಳುವವರು ಕಡಿಮೆ.

ಕೊನೆಗೆ 2025ರ ಜೂನ್ 6. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ ಒಟ್ಟು 280 ಕೋಟಿ ಡಾಲರ್. ಇನ್ನು ಮುಂದೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಪಾಲು ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ 2.05 ಕೋಟಿ ಡಾಲರ್. 85ರ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದಲ್ಲಿ ಒಟ್ಟು 105 ಜನ ಎಂಬ ಮಿತಿ ಬಂತು.

ಆಡುವವರಿಗೆ ದುಡ್ಡು ಸಿಗುವುದು ನ್ಯಾಯವೇ. ನನಗೆ ಅದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಬೇರೆ. ಕೋಚ್‌ಗಳ ಸಂಬಳ ಇಳಿಯಿತೇ? ಇಲ್ಲ. ನಾರ್ತ್ ಕ್ಯಾರೊಲೈನಾವನ್ನೇ ನೋಡಿ. 2024ರ ಡಿಸೆಂಬರ್‌ನಲ್ಲಿ ಬಿಲ್ ಬೆಲಿಚಿಕ್ ಅವರನ್ನು ಮುಖ್ಯ ಕೋಚ್ ಆಗಿ ವರ್ಷಕ್ಕೆ 1 ಕೋಟಿ ಡಾಲರ್‌ಗೆ ತಂದಿತು. ಜೊತೆಗೆ 'ಜನರಲ್ ಮ್ಯಾನೇಜರ್' ಎಂಬ ಹೊಸ ಹುದ್ದೆಗೆ ವರ್ಷಕ್ಕೆ 15 ಲಕ್ಷ ಡಾಲರ್. ಯಾವ ಆಟಗಾರನಿಗೆ ಎಷ್ಟು ಅಂತ ನೋಡಿಕೊಳ್ಳುವುದು ಇಂಥವರ ಕೆಲಸ. ಅಂದರೆ ಹೊಸ ಖರ್ಚು ಹಳೆಯದರ ಜಾಗಕ್ಕೆ ಬರಲಿಲ್ಲ, ಅದರ ಮೇಲೆ ಕೂತಿತು. ಟೆನಸಿ ತನ್ನ ಟಿಕೆಟ್ಟಿಗೆ ಶೇ. 10 'ಪ್ರತಿಭಾ ಶುಲ್ಕ' ಸೇರಿಸಿತು. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಈಜು ತಂಡವನ್ನೇ ಕೈಬಿಟ್ಟಿತು.

"ಹೆಣ್ಣುಮಕ್ಕಳ ಆಟಗಳಿಗೆ ಏನಾಗುತ್ತದೆ?" ಒಳ್ಳೆ ಪ್ರಶ್ನೆ ಮೇಡಂ. 1972ರ ಒಂದು ಕಾನೂನಿನ ಪ್ರಕಾರ ಶಿಕ್ಷಣ ಸಂಸ್ಥೆಗಳಲ್ಲಿ ಗಂಡು ಹೆಣ್ಣು ಭೇದ ಮಾಡುವ ಹಾಗಿಲ್ಲ. ಫುಟ್‌ಬಾಲ್ ಒಂದೇ ನೂರಕ್ಕೂ ಹೆಚ್ಚು ಹುಡುಗರನ್ನು ನುಂಗುತ್ತದೆ. ಅದನ್ನು ಸರಿದೂಗಿಸಲು ಹಲವು ಕಾಲೇಜುಗಳು ಹುಡುಗಿಯರ ದೋಣಿ ಹುಟ್ಟು ಹಾಕುವ ತಂಡ ಕಟ್ಟಿದವು. ಆ ತಂಡದಲ್ಲಿ ಬಹಳ ಜನ ಹಿಡಿಸುತ್ತಾರೆ ನೋಡಿ. ಈಗ ಕೊಡುವ ಹೊಸ ಪಾಲಿಗೂ ಈ ಕಾನೂನು ಅನ್ವಯಿಸಬೇಕೇ ಎಂಬ ಜಗಳ ಶುರುವಾಗಿದೆ. ಹಿಂದಿನವರಿಗೆ ಕೊಡುವ ಪರಿಹಾರದ ಸೂತ್ರದಲ್ಲಿ ಫುಟ್‌ಬಾಲ್‌ಗೆ ಸುಮಾರು ಶೇ. 75, ಹುಡುಗಿಯರ ಬ್ಯಾಸ್ಕೆಟ್‌ಬಾಲ್‌ಗೆ ಶೇ. 5.

"ಇಷ್ಟೆಲ್ಲ ತಾಪತ್ರಯ ಯಾಕೆ, ಮುಚ್ಚಿಬಿಡಬಾರದೇ?" ಒಬ್ಬರು ಮುಚ್ಚಿದ್ದರು. ಶಿಕಾಗೊ ವಿಶ್ವವಿದ್ಯಾಲಯ ಬಿಗ್ ಟೆನ್ ಸ್ಥಾಪಕರಲ್ಲಿ ಒಂದು. ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ, 1935ರಲ್ಲಿ ಅದನ್ನು ಮೊದಲು ಪಡೆದವನು ಅಲ್ಲಿನ ಜೇ ಬರ್ವಾಂಗರ್. ಅಧ್ಯಕ್ಷ ರಾಬರ್ಟ್ ಹಚಿನ್ಸ್ 1939ರಲ್ಲಿ ತಂಡವನ್ನೇ ನಿಲ್ಲಿಸಿದರು. ಖಾಲಿಯಾದ ಆ ಸ್ಟೇಡಿಯಂನ ಕಟ್ಟೆಯ ಕೆಳಗೇ 1942ರಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ಪರಮಾಣು ರಿಯಾಕ್ಟರ್ ನಡೆಸಿದರು. ಶಿಕಾಗೊದ ಓದಿನ ಹೆಸರಿಗೆ ಏನೂ ಕುಂದಾಗಲಿಲ್ಲ. ಆದರೆ ಅವತ್ತು ಟಿವಿ ದುಡ್ಡು ಇರಲಿಲ್ಲ. ಇವತ್ತು ಬಿಗ್ ಟೆನ್‌ನಿಂದ ಹೊರಬರುವ ಅಧ್ಯಕ್ಷರು ಮರುದಿನ ಕೆಲಸದಲ್ಲಿ ಇರುತ್ತಾರೆ ಅಂತ ನನಗೇನೂ ಅನಿಸುವುದಿಲ್ಲ.

ಕೊನೆಗೆ ಫೀಸಿನ ವಿಷಯ. ಮಕ್ಕಳನ್ನು ಎಂಎಸ್ ಮಾಡಲು ಕಳಿಸುವವರು ಇದನ್ನು ಗಮನಿಸಿ. ಟಿವಿ ದುಡ್ಡು ಹೇರಳವಾಗಿರುವ ಹಲವು ದೊಡ್ಡ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಂದ ಕ್ರೀಡೆಗೆ ಅಂತ ತೆಗೆದುಕೊಳ್ಳುವುದು ಇಲ್ಲವೇ ಇಲ್ಲ, ಅಥವಾ ತೀರಾ ಕಡಿಮೆ. ಅದರ ಕೆಳಗಿನ ಮಟ್ಟದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ಬಜೆಟ್ಟಿನ ದೊಡ್ಡ ಪಾಲು ಬರುವುದೇ ಅಲ್ಲಿಂದ. ವರ್ಜೀನಿಯಾ ರಾಜ್ಯವಂತೂ ಇದಕ್ಕೆ ಮಿತಿ ಹಾಕಲು 2015ರಲ್ಲಿ ಕಾನೂನನ್ನೇ ಮಾಡಿತು. ಬಿಲ್ಲಿನಲ್ಲಿ ಟ್ಯೂಷನ್ ಕೆಳಗೆ 'ಕಡ್ಡಾಯ ಶುಲ್ಕ' ಅಂತ ಒಂದು ಸಾಲು ಇರುತ್ತದೆ. ಅದರ ವಿವರ ತೆಗೆಸಿ ನೋಡಿ. ಕೆಲವು ಕಡೆ ಕ್ರೀಡಾ ಶುಲ್ಕ ಅಂತ ಬೇರೆಯೇ ತೋರಿಸುತ್ತಾರೆ, ಕೆಲವು ಕಡೆ ವಿದ್ಯಾರ್ಥಿ ಚಟುವಟಿಕೆ ಎಂಬ ಹೆಸರಿನ ಒಳಗೆ ಸೇರಿಸಿರುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯಗಳ ಕ್ರೀಡಾ ಲೆಕ್ಕ ಸಾರ್ವಜನಿಕ ದಾಖಲೆ, ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಅಂಥ ಕಡೆ ಬಹಳಷ್ಟು ಸಲ ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ಪಂದ್ಯಕ್ಕೆ ಟಿಕೆಟ್ ಬೇಡ. ಉಚಿತ ಅನ್ನುತ್ತಾರೆ. ಉಚಿತ ಏನೂ ಅಲ್ಲ, ಆಗಸ್ಟ್‌ನಲ್ಲೇ ಕಟ್ಟಿಯಾಗಿದೆ. ಹಾಗಾಗಿ ಹೋಗಿ ನೋಡಲಿ. ಸ್ವಲ್ಪ ಬೇಗ ಹೋದರೆ ಬ್ಯಾಂಡಿನವರ ಹತ್ತಿರ ಜಾಗ ಸಿಗುತ್ತದೆ.